ಅಪ್ಪನ ನೋಟ್‌ಬುಕ್ಕಿನಲ್ಲಿ 212, ಕೇಂದ್ರದಲ್ಲಿ 31: ಯಾವ ಮಳೆ ನಿಜ?

ಓದುಗರ ಪ್ರಶ್ನೆ: ನಮ್ಮ ತಂದೆ 31 ವರ್ಷದಿಂದ ಹಿತ್ತಲಲ್ಲಿ ಮಳೆಮಾಪಕ ಇಟ್ಟು ದಿನಾ ಅಳೆದು ಬರೆದಿಡುತ್ತಿದ್ದಾರೆ. ನಾಲ್ಕು ವರ್ಷದ ಹಿಂದೆ ಒಂದು ರಾತ್ರಿ ಒಂಬತ್ತು ಗಂಟೆಗೆ ಗುಡುಗು ಶುರುವಾಯಿತು. ಮೊದಲು ಆಲಿಕಲ್ಲು, ಆಮೇಲೆ ಎಡೆಬಿಡದ ಮಳೆ. ಅಂಗಳದಲ್ಲಿ ಮೊಣಕಾಲು ಮಟ್ಟ ನೀರು. ಅಪ್ಪ ಬರೆದದ್ದು 212 ಮಿ.ಮೀ. ಆದರೆ 14 ಕಿ.ಮೀ. ದೂರದ ಸರ್ಕಾರಿ ಕೇಂದ್ರದ ಲೆಕ್ಕದಲ್ಲಿ ಆ ತಾರೀಖಿಗೆ ಇರುವುದು ಬರೀ 31 ಮಿ.ಮೀ. ಈಗ ನಮ್ಮ ಮನೆ ಕೆಳಗಿನ ಹಳ್ಳಕ್ಕೆ ಹೊಸ ಮೋರಿ ಕಟ್ಟುತ್ತಿದ್ದಾರೆ. ಅಪ್ಪ ನೋಟ್‌ಬುಕ್ ಹಿಡಿದುಕೊಂಡು ಹೋಗಿ ತೋರಿಸಿದರೆ ‘ದಾಖಲೆಯಲ್ಲಿ ಅಂಥ ಮಳೆಯೇ ಇಲ್ಲ’ ಅಂದರಂತೆ. ಅವತ್ತಿನಿಂದ ಅಪ್ಪ ಮಂಕಾಗಿದ್ದಾರೆ. ಅದು ಮೋಡ ಬಿತ್ತನೆ ಮಾಡಿ ಸುರಿಸಿದ್ದು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಇನ್ನೊಬ್ಬರು, ನೂರು ವರ್ಷಕ್ಕೊಮ್ಮೆ ಬರುವ ಮಳೆ ಬಂದು ಹೋಯಿತು, ಇನ್ನು ಚಿಂತೆ ಇಲ್ಲ ಅನ್ನುತ್ತಾರೆ. ಅಪ್ಪನ ಮಾಪಕದ ಬಾಟಲಿ ಹಿಡಿಯುವುದು 100 ಮಿ.ಮೀ. ಆ ಪುಟದ ಫೋಟೋ ಕಳಿಸಿದ್ದೇನೆ. ಅಪ್ಪನ ಲೆಕ್ಕ ತಪ್ಪಾ? ಈ ನೋಟ್‌ಬುಕ್ ಏನು ಮಾಡಲಿ?

ಉತ್ತರ: ಫೋಟೋ ನೋಡಿದೆ. ದೊಡ್ಡದು ಮಾಡಿ ಮತ್ತೆ ಮತ್ತೆ ನೋಡಿದೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಉಳಿದ ದಿನಗಳಿಗೆಲ್ಲ ಒಂದೊಂದೇ ಸಾಲು. 4.2, ಸೊನ್ನೆ, 11.6, ಮತ್ತೆ ಸೊನ್ನೆ. ಆ ರಾತ್ರಿಗೆ ಮಾತ್ರ ಮೂರು ಸಾಲು. 10:40ಕ್ಕೆ 84. 12:15ಕ್ಕೆ 91. ಬೆಳಗ್ಗೆ 6ಕ್ಕೆ 37. ಪಕ್ಕದಲ್ಲಿ ಕೂಡಿದ ಲೆಕ್ಕ, ಕೆಳಗೊಂದು ಗೀಟು, ಆಮೇಲೆ 212. ನಡುವಿನ ಸಾಲಿನ ಶಾಯಿ ಹರಡಿಕೊಂಡಿದೆ. ಒದ್ದೆ ಕೈಯಲ್ಲೇ ಬರೆದಿರಬೇಕು. ಅಂದರೆ ನಿಮ್ಮ ತಂದೆ ಬಾಟಲಿ ತುಂಬಿ ಚೆಲ್ಲುವ ಮೊದಲೇ ಎರಡು ಸಲ ಆ ಮಳೆಯಲ್ಲಿ ಹೊರಗೆ ಹೋಗಿದ್ದಾರೆ. ಅಳೆದು, ಖಾಲಿ ಮಾಡಿ, ಮತ್ತೆ ಇಟ್ಟು ಬಂದಿದ್ದಾರೆ. ನಾನು ಹವಾಮಾನ ಕೇಂದ್ರಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಸಂಬಳಕ್ಕೆ ದುಡಿಯುವವರು ಕೂಡ ಇಷ್ಟು ಶ್ರದ್ಧೆಯಿಂದ ಬರೆದ ಪುಟಗಳನ್ನು ನಾನು ನೋಡಿದ್ದು ಕಡಿಮೆ.

ನಿಮ್ಮ ಚಿಂತೆ ನನಗೆ ಅರ್ಥವಾಗಿದ್ದು ಹೀಗೆ. ಎರಡು ಅಂಕಿಗಳಲ್ಲಿ ಒಂದು ಸುಳ್ಳಾಗಿರಲೇಬೇಕು, ಒಂದು ಕಡೆ ಸರ್ಕಾರದ ಮುದ್ರೆ ಇದೆ, ಹಾಗಾಗಿ ಸುಳ್ಳು ಅಪ್ಪನದೇ ಇರಬೇಕು ಅಂತ. ಹಾಗೇನೂ ಇಲ್ಲ. ಎರಡೂ ನಿಜವಾಗಿರಬಹುದು. ನನಗೆ ಕಾಣುವಂತೆ ಇಲ್ಲಿ ಎರಡೂ ನಿಜ.

ಗುಡುಗು ಮಳೆಯ ಒಂದು ಮೋಡ ಸಾಮಾನ್ಯವಾಗಿ ಐದರಿಂದ ಹತ್ತು ಕಿ.ಮೀ. ಅಗಲ ಇರುತ್ತದೆ. ಅದರೊಳಗೂ ಜೋರಾಗಿ ಸುರಿಯುವ ಜಾಗ ಇನ್ನೂ ಸಣ್ಣದು. 14 ಕಿ.ಮೀ. ದೂರ ಅನ್ನುವುದು ಇಂಥ ಮಳೆಯ ಮಟ್ಟಿಗೆ ಬೇರೆ ಊರೇ. ಮುಂಬೈಯ 2005ರ ಜುಲೈ 26 ನೆನಪಿದೆಯಾ? ಸಾಂತಾಕ್ರೂಜ್ ಕೇಂದ್ರದಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿಯಿತು. ಅದೇ ನಗರದ ಕೊಲಾಬಾ ಕೇಂದ್ರದಲ್ಲಿ ಬಿದ್ದದ್ದು 73 ಮಿ.ಮೀ. ಅವತ್ತು ಕೊಲಾಬಾದ ಮಾಪಕ ಒಂದೇ ಇದ್ದಿದ್ದರೆ, ಮುಂಬೈ ಮುಳುಗಿದ್ದಕ್ಕೆ ದಾಖಲೆಯಲ್ಲಿ ಕಾರಣವೇ ಸಿಗುತ್ತಿರಲಿಲ್ಲ.

ಮಳೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಅಮೆರಿಕದ ದಕ್ಷಿಣ ಡಕೋಟದ ಸ್ಪಿಯರ್‌ಫಿಶ್ ಊರಲ್ಲಿ 1943ರ ಜನವರಿ 22ರ ಬೆಳಗ್ಗೆ ಎರಡೇ ನಿಮಿಷದಲ್ಲಿ ಉಷ್ಣತೆ ಮೈನಸ್ 20 ಡಿಗ್ರಿಯಿಂದ 7 ಡಿಗ್ರಿಗೆ ಹಾರಿತು. ಸ್ವಲ್ಪ ಹೊತ್ತಿನ ನಂತರ 27 ನಿಮಿಷದಲ್ಲಿ ಮತ್ತೆ ಮೈನಸ್ 20ಕ್ಕೆ ಕುಸಿಯಿತು. ಕಿಟಕಿ ಗಾಜುಗಳು ಬಿರುಕು ಬಿಟ್ಟವು. ಬೆಟ್ಟ ಇಳಿದು ಬರುವ ಒಣ ಬಿಸಿ ಗಾಳಿ ಒಂದು ಕಡೆ, ನೆಲಕ್ಕೆ ಅಂಟಿಕೊಂಡ ಕೊರೆಯುವ ತಣ್ಣನೆ ಗಾಳಿ ಇನ್ನೊಂದು ಕಡೆ. ತಟ್ಟೆಯಲ್ಲಿ ನೀರು ತುಳುಕಿದ ಹಾಗೆ ಇವೆರಡರ ಗಡಿ ಆಚೀಚೆ ತುಳುಕುತ್ತಿತ್ತು. ಅದೇ ದಿನ ಲೀಡ್ ಅನ್ನುವ ಊರಲ್ಲಿ 11 ಡಿಗ್ರಿ ಇದ್ದಾಗ, ಎರಡೂವರೆ ಕಿ.ಮೀ. ಕೂಡ ದೂರವಿಲ್ಲದ ಡೆಡ್‌ವುಡ್‌ನಲ್ಲಿ ಮೈನಸ್ 27 ಇತ್ತು. ನಡೆದು ಹೋಗುವಷ್ಟು ದೂರದಲ್ಲಿ ಎರಡು ಬೇರೆ ಲೋಕ!

ಇನ್ನು ತಾರೀಖಿನ ವಿಷಯ. ಇಲ್ಲಿ ತುಂಬ ಜನ ಎಡವುತ್ತಾರೆ. ಕೇಂದ್ರಗಳಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಬದಲಾಗುವುದಿಲ್ಲ. ಬೆಳಗ್ಗೆ ನಿಗದಿ ಮಾಡಿದ ಹೊತ್ತಿಗೆ ಅಳೆಯುತ್ತಾರೆ. ಹಿಂದಿನ 24 ಗಂಟೆಯ ಮಳೆಯೆಲ್ಲ ಆ ಬೆಳಗಿನ ತಾರೀಖಿಗೆ ಹೋಗುತ್ತದೆ. ನಿಮ್ಮ ತಂದೆ ರಾತ್ರಿಯ ಮಳೆಯನ್ನು ಆ ರಾತ್ರಿಯ ತಾರೀಖಿಗೇ ಬರೆದಿದ್ದಾರೆ. ಹಾಗಿದ್ದರೆ ಕೇಂದ್ರದ ಲೆಕ್ಕದಲ್ಲಿ ನೀವು ನೋಡಬೇಕಾದದ್ದು ಮರುದಿನದ ಅಂಕಿ. ಮೊದಲು ಆ ಒಂದು ಸಾಲು ಕೇಳಿ ತರಿಸಿ. ಅಲ್ಲಿ 90 ಅಂತಲೋ 120 ಅಂತಲೋ ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಅಲ್ಲೂ ಕಡಿಮೆಯೇ ಇದ್ದರೆ ಬೇಜಾರು ಬೇಡ. ಮೇಲೆ ಹೇಳಿದ ಕಾರಣ ಇದ್ದೇ ಇದೆ.

212 ಸಾಧ್ಯವೇ ಅಂತ ಕೇಳುವವರಿಗೆ ನಿಮ್ಮ ತಂದೆ ಬರೆದ ಸಮಯಗಳೇ ಉತ್ತರ. 10:40ರಿಂದ 12:15ರವರೆಗೆ 91 ಮಿ.ಮೀ. ಅಂದರೆ ಗಂಟೆಗೆ 57ರ ಹತ್ತಿರ. ಜೋರು ಮಳೆಯೇ ಸರಿ, ಆದರೆ ನಂಬಲಾಗದ್ದಲ್ಲ. ಅಮೆರಿಕದ ಮಿಸೌರಿಯ ಹೋಲ್ಟ್ ಊರಲ್ಲಿ 1947ರ ಜೂನ್ 22ರಂದು 42 ನಿಮಿಷದಲ್ಲಿ 305 ಮಿ.ಮೀ. ಬಿದ್ದಿತ್ತು. ರಿಯೂನಿಯನ್ ದ್ವೀಪದ ಫೋಕ್-ಫೋಕ್‌ನಲ್ಲಿ 1966ರ ಜನವರಿಯಲ್ಲಿ ಒಂದು ಚಂಡಮಾರುತ ಒಂದೇ ದಿನದಲ್ಲಿ 1,825 ಮಿ.ಮೀ. ಸುರಿಸಿತು. ಇವು ಜಗತ್ತಿನ ದಾಖಲೆಗಳು. ನಿಮ್ಮ ತಂದೆಯ ಅಂಕಿ ಇವುಗಳ ಹತ್ತಿರಕ್ಕೂ ಹೋಗುವುದಿಲ್ಲ.

ಹಾಗಾದರೆ ಒಂದೇ ಜಾಗದಲ್ಲಿ ಅಷ್ಟು ಯಾಕೆ ಸುರಿಯಿತು? ಒಂದು ಗುಡುಗು ಮೋಡದ ಆಯುಷ್ಯ ಸಾಮಾನ್ಯವಾಗಿ ಹೆಚ್ಚೆಂದರೆ ಒಂದು ಗಂಟೆ. ಅದೊಂದೇ ಆದರೆ ಅರ್ಧ ಗಂಟೆ ಸುರಿದು ಸುಮ್ಮನಾಗುತ್ತದೆ. ಅಪಾಯ ಬರುವುದು ಮೇಲಿನ ಗಾಳಿ ನಿಧಾನವಾದಾಗ. ಮೋಡ ಮುಂದೆ ಸರಿಯುವುದಿಲ್ಲ. ಅದರಿಂದ ಬಿದ್ದ ಮಳೆಯ ಜೊತೆ ತಣ್ಣನೆ ಗಾಳಿಯೂ ಕೆಳಗಿಳಿಯುತ್ತದೆ. ನೆಲದ ಮೇಲೆ ಹರಡುತ್ತ, ಸುತ್ತಲಿನ ಬೆಚ್ಚನೆಯ ಹಸಿ ಗಾಳಿಯನ್ನು ಮೇಲಕ್ಕೆ ನೂಕುತ್ತದೆ. ಅಲ್ಲಿ ಹೊಸ ಮೋಡ ಹುಟ್ಟುತ್ತದೆ. ಹಳೆಯದು ಸಾಯುವಾಗ ಹೊಸದು ಅದೇ ಜಾಗಕ್ಕೆ ಬರುತ್ತದೆ. ಅದರ ಹಿಂದೆ ಇನ್ನೊಂದು. ಒಂದೇ ಹಳಿಯ ಮೇಲೆ ರೈಲಿನ ಡಬ್ಬಿಗಳು ಒಂದರ ಹಿಂದೆ ಒಂದು ಹೋಗುವ ಹಾಗೆ. ಹಳಿಯ ಪಕ್ಕದಲ್ಲಿ ನಿಂತವರಿಗೆ ಗಾಳಿ ಮಾತ್ರ, ಹಳಿಯ ಮೇಲಿದ್ದವರಿಗೆ ಪೂರ್ತಿ ರೈಲು. ಹತ್ತಿರ ಗುಡ್ಡ ಇದ್ದರೆ ಇನ್ನೂ ಜಾಸ್ತಿ. ಹಸಿ ಗಾಳಿಯನ್ನು ಗುಡ್ಡ ಒಂದೇ ಸಮನೆ ಮೇಲಕ್ಕೆತ್ತುತ್ತಾ ಇರುತ್ತದೆ. ಮೊದಲು ಆಲಿಕಲ್ಲು ಬಿತ್ತು ಅಂದಿರಲ್ಲ, ಅದೂ ಇದಕ್ಕೆ ಹೊಂದುತ್ತದೆ. ಮೇಲಕ್ಕೇರುವ ಗಾಳಿ ಜೋರಾಗಿದ್ದರೆ ಮಾತ್ರ ಆಲಿಕಲ್ಲು ಅಷ್ಟು ಹೊತ್ತು ಮೇಲೆಯೇ ಉಳಿದು ಬೆಳೆಯುತ್ತದೆ.

ಮೋಡ ಬಿತ್ತನೆಯ ಮಾತು ಪ್ರತಿ ದೊಡ್ಡ ಮಳೆಯ ಬೆನ್ನಿಗೂ ಬರುತ್ತದೆ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ ಪ್ರವಾಹ ಬಂದಾಗಲೂ ಬಂತು. ಅಲ್ ಐನ್ ಹತ್ತಿರದ ಒಂದು ಜಾಗದಲ್ಲಿ ಅವತ್ತು 254 ಮಿ.ಮೀ. ಬಿದ್ದಿತ್ತು. ಆದರೆ ಅಂಥ ದೊಡ್ಡ ಮಳೆ ವ್ಯವಸ್ಥೆ ಬರುತ್ತಿದೆ ಅಂತ ಮುನ್ಸೂಚನೆಗಳು ದಿನಗಳ ಮೊದಲೇ ಹೇಳಿದ್ದವು. ಬಿತ್ತನೆ ಮಾಡಲು ಮೊದಲು ಮೋಡ ಇರಬೇಕು. ಇದ್ದ ಮೋಡದಿಂದ ಸ್ವಲ್ಪ ಹೆಚ್ಚು ನೀರು ಇಳಿಸಬಹುದೇ ಅನ್ನುವುದೇ ಅದರ ಗುರಿ. ಇಲ್ಲದ ಬಿರುಗಾಳಿ ಮಳೆಯನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ನಿಮ್ಮ ಪಕ್ಕದ ಮನೆಯವರಿಗೆ ಇಷ್ಟು ಹೇಳಿದರೆ ಸಾಕು.

‘ದಾಖಲೆಯಲ್ಲಿ ಇಲ್ಲ’ ಅನ್ನುವ ಮಾತಿಗೆ ಬರುತ್ತೇನೆ. ಇದು ನನ್ನ ಮನಸ್ಸಿಗೆ ತುಂಬ ಹತ್ತಿರದ ವಿಷಯ.

ದಾಖಲೆ ಅಂದರೆ ಮಾಪಕ ಕಂಡದ್ದು ಅಷ್ಟೇ. ಆಕಾಶ ಮಾಡಿದ್ದೆಲ್ಲ ಅದರಲ್ಲಿ ಇರುವುದಿಲ್ಲ. ಮಳೆಮಾಪಕದ ಬಾಯಿ ಎಷ್ಟಿರುತ್ತದೆ ಗೊತ್ತಲ್ಲ, ಎರಡು ಅಂಗೈ ಜೋಡಿಸಿದಷ್ಟು. ಆ ಬಾಯಿಗೆ ಬಿದ್ದದ್ದನ್ನು ಸುತ್ತಲಿನ ನೂರಾರು ಚದರ ಕಿ.ಮೀ.ಗೆ ಮಳೆ ಅಂತ ಹೇಳುತ್ತೇವೆ. ಇಡೀ ದಿನ ಒಂದೇ ಸಮನೆ ಜಿಟಿಜಿಟಿ ಹಿಡಿಯುವ ಮಳೆಗೆ ಅದು ಪರವಾಗಿಲ್ಲ. ಗುಡುಗು ಮಳೆಗೆ ಅದು ಸಾಲದು.

ಅಮೆರಿಕದ ಪೆನ್ಸಿಲ್ವೇನಿಯಾದ ಸ್ಮೆತ್‌ಪೋರ್ಟ್‌ನಲ್ಲಿ 1942ರ ಜುಲೈ 18ರಂದು ಐದು ಗಂಟೆಯೊಳಗೆ ಸುಮಾರು 780 ಮಿ.ಮೀ. ಮಳೆ ಬಿತ್ತು. ಅದು ತಿಳಿದದ್ದು ಮಳೆ ನಿಂತ ಮೇಲೆ ಜನರ ಮನೆ ಅಂಗಳದಲ್ಲಿದ್ದ ಬಕೆಟ್, ಡಬ್ಬಿ, ಬಾಟಲಿಗಳಲ್ಲಿ ನಿಂತ ನೀರನ್ನು ಅಳೆದದ್ದರಿಂದ. ಇವತ್ತಿಗೂ ಆ ಅಂಕಿಯನ್ನು ಜಗತ್ತು ಒಪ್ಪುತ್ತದೆ. ಮುದ್ರೆ ಇಲ್ಲದ ಬಕೆಟ್ಟಿಗೇ ಇಷ್ಟು ಬೆಲೆ ಇದ್ದರೆ, 31 ವರ್ಷ ಒಂದೇ ಜಾಗದಲ್ಲಿ ನಿಂತ ಮಾಪಕಕ್ಕೆ ಯಾಕೆ ಇರಬಾರದು?

ಮುದ್ರೆ ಇದ್ದದ್ದೂ ತಪ್ಪಾಗಬಹುದು. ಲಿಬಿಯಾದ ಎಲ್ ಅಜೀಜಿಯಾದಲ್ಲಿ 1922ರ ಸೆಪ್ಟೆಂಬರ್ 13ರಂದು 58 ಡಿಗ್ರಿ ದಾಖಲಾಯಿತು. 90 ವರ್ಷ ಅದೇ ಭೂಮಿಯ ಅತಿ ಹೆಚ್ಚು ಉಷ್ಣತೆ ಅಂತ ಶಾಲೆಯ ಮಕ್ಕಳು ಬಾಯಿಪಾಠ ಮಾಡಿದರು. ಆಮೇಲೆ ವಿಶ್ವ ಹವಾಮಾನ ಸಂಸ್ಥೆಯ ತಂಡ ಮೂಲ ಹಾಳೆಗಳನ್ನು ತೆರೆದು ನೋಡಿತು. ಆ ವಾರ ಅಳೆಯುವ ವ್ಯಕ್ತಿ ಬದಲಾಗಿದ್ದರು. ಹೊಸಬರು ಗರಿಷ್ಠ, ಕನಿಷ್ಠ ಅಂಕಿಗಳನ್ನು ಅದಲುಬದಲು ಕಾಲಮ್ಮಿನಲ್ಲಿ ಬರೆದಿದ್ದರು. ಅಳೆದದ್ದು ಹಳೆಯ ಮಾದರಿಯ ಥರ್ಮಾಮೀಟರಿನಲ್ಲಿ. ಅದರೊಳಗಿನ ಸಣ್ಣ ಸೂಚಕದ ಕೆಳತುದಿ ನೋಡುವ ಬದಲು ಮೇಲ್ತುದಿ ನೋಡಿದರೆ ಏಳು ಡಿಗ್ರಿಯಷ್ಟು ಜಾಸ್ತಿ ಬರುತ್ತಿತ್ತು. 2012ರಲ್ಲಿ ಆ ದಾಖಲೆ ರದ್ದಾಯಿತು. ಈಗ ಆ ಸ್ಥಾನದಲ್ಲಿರುವುದು ಅಮೆರಿಕದ ಡೆತ್ ವ್ಯಾಲಿಯ 56.7 ಡಿಗ್ರಿ, 1913ರ ಜುಲೈ 10ರದ್ದು.

ಇದರ ಉಲ್ಟಾ ಕತೆಯೂ ಇದೆ. ಆಸ್ಟ್ರೇಲಿಯಾದ ಬ್ಯಾರೋ ದ್ವೀಪದಲ್ಲಿ 1996ರ ಏಪ್ರಿಲ್ 10ರಂದು ಒಲಿವಿಯಾ ಚಂಡಮಾರುತದ ಗಾಳಿ ಗಂಟೆಗೆ 408 ಕಿ.ಮೀ. ಅಂತ ಯಂತ್ರ ಬರೆಯಿತು. ಅಷ್ಟೊಂದು ಇರಲಾರದು ಅಂತ ವರ್ಷಗಟ್ಟಲೆ ಅದು ಸುಮ್ನೆ ಬಿದ್ದಿತ್ತು. 2010ರಲ್ಲಿ ಪರಿಶೀಲಿಸಿ ಒಪ್ಪಿದರು. 1934ರಿಂದ ಇದ್ದ, ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ 372 ಕಿ.ಮೀ. ದಾಖಲೆ ಕೆಳಗಿಳಿಯಿತು. ನಿಮ್ಮ ತಂದೆಗೆ ಈ ಕತೆ ಹೇಳಿ. ಹದಿನಾಲ್ಕು ವರ್ಷ ಕಾದ ಅಂಕಿ ಅದು.

ಆದರೂ ನಾನು ನಿಮ್ಮ ತಂದೆಯ ನೋಟ್‌ಬುಕ್ಕನ್ನು ಸುಮ್ಮನೆ ನಂಬಿ ಅನ್ನುವುದಿಲ್ಲ. ನಮ್ಮ ಕೆಲಸದಲ್ಲಿ ಪ್ರೀತಿ ಬೇರೆ, ಪರೀಕ್ಷೆ ಬೇರೆ. ಮೂರು ವಿಷಯ ನೀವೇ ನೋಡಬಹುದು. ಎಲ್ಲ ವರ್ಷಗಳ ಅಂಕಿಗಳಲ್ಲಿ ಕೊನೆಯ ಅಂಕೆ ಏನಿದೆ ಅಂತ ಎಣಿಸಿ. ಕಣ್ಣಂದಾಜಿನಲ್ಲಿ ಬರೆಯುವವರ ಪುಸ್ತಕದಲ್ಲಿ ಸೊನ್ನೆ ಮತ್ತು ಐದು ತುಂಬ ಇರುತ್ತವೆ. ನಿಜವಾಗಿ ಅಳೆಯುವವರಲ್ಲಿ ಎಲ್ಲ ಅಂಕೆಗಳೂ ಹೆಚ್ಚುಕಡಿಮೆ ಒಂದೇ ಸಮ ಬರುತ್ತವೆ. ಕಳಿಸಿದ ಒಂದು ಪುಟದಲ್ಲಿ ನನಗೆ ಕಂಡದ್ದು ಎರಡನೆಯ ಥರ. ಎರಡನೆಯದು, ಮಾಪಕದ ಜಾಗ. ಮನೆ ಸೂರಿನಿಂದ ಎಷ್ಟು ದೂರ? ಸೂರಿನ ನೀರು ಸಿಡಿದು ಒಳಗೆ ಬೀಳುವಂತಿದ್ದರೆ 212ರಲ್ಲಿ ಸ್ವಲ್ಪ ಪಾಲು ಸೂರಿನದು. ಕೊನೆಯದು ಮರ. 31 ವರ್ಷದಲ್ಲಿ ಗಿಡ ಮರವಾಗಿರುತ್ತದೆ. ಅಡ್ಡ ಇರುವ ಮರ ಅಥವಾ ಗೋಡೆ ಎಷ್ಟು ಎತ್ತರವೋ, ಮಾಪಕ ಅದರಿಂದ ಕನಿಷ್ಠ ಎರಡು ಪಟ್ಟು ದೂರ ಇರಬೇಕು. ಇಲ್ಲದಿದ್ದರೆ ವರ್ಷದಿಂದ ವರ್ಷಕ್ಕೆ ಮಳೆ ಕಡಿಮೆಯಾದಂತೆ ಕಾಣುತ್ತದೆ. ಕಡಿಮೆಯಾದದ್ದು ಮಳೆ ಅಲ್ಲ, ಮಾಪಕಕ್ಕೆ ಕಾಣುವ ಆಕಾಶ. ನಾನು ಕೆಲಸ ಮಾಡಿದ ಒಂದು ಕೇಂದ್ರದಲ್ಲೇ ಹೀಗಾಗಿತ್ತು. ಹತ್ತು ವರ್ಷದ ‘ಬರ’ಕ್ಕೆ ಕಾರಣ ಕಾಂಪೌಂಡಿನ ಪಕ್ಕ ಬೆಳೆದ ಎರಡು ಮರಗಳು.

ಇನ್ನು ನೂರು ವರ್ಷದ ಮಾತು. ಈ ಹೆಸರಿಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅಷ್ಟು ಜನರನ್ನು ಅದು ದಾರಿ ತಪ್ಪಿಸಿದೆ. ನೂರು ವರ್ಷದ ಮಳೆ ಅಂದರೆ ಪ್ರತಿ ವರ್ಷವೂ ಬರುವ ಸಾಧ್ಯತೆ ನೂರಕ್ಕೆ ಒಂದು ಅಂತ. ಬಂದು ಹೋದ ಮೇಲೆ ಅದಕ್ಕೆ ರಜೆ ಇಲ್ಲ. ಮುಂದಿನ ವರ್ಷವೂ ನೂರಕ್ಕೆ ಒಂದೇ. ಲೆಕ್ಕ ಹಾಕಿದರೆ 30 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ಮೋರಿಯ ಆಯುಷ್ಯ ಅದಕ್ಕಿಂತ ಜಾಸ್ತಿ, ಅಲ್ವಾ? ಇನ್ನೊಂದು, ನಿಮ್ಮೂರಿನ 212 ನೂರು ವರ್ಷದ್ದೋ, ನಲವತ್ತು ವರ್ಷದ್ದೋ ಅಂತ 31 ವರ್ಷದ ಲೆಕ್ಕದಿಂದ ಗಟ್ಟಿಯಾಗಿ ಹೇಳಲು ಬರುವುದಿಲ್ಲ. ಯಾರಾದರೂ ಹೇಳಿದರೆ ಅದು ಊಹೆ.

ಹವಾಮಾನ ಬದಲಾವಣೆಯ ಪಾಲು ಎಷ್ಟು ಅಂತ ನೀವು ಕೇಳಿಲ್ಲ, ಆದರೆ ಮೋರಿಯ ಲೆಕ್ಕಕ್ಕೆ ಅದು ಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಜೋರು ಮಳೆ ಇನ್ನಷ್ಟು ಜೋರಾಗುತ್ತಿದೆ. ಅಂದ ಮಾತ್ರಕ್ಕೆ ನಿಮ್ಮೂರಿನ ಒಂದು ರಾತ್ರಿಯ ಗುಡುಗು ಮಳೆಯನ್ನು ತೋರಿಸಿ ಇದು ಅದರಿಂದಲೇ ಬಂತು ಅನ್ನಲಾಗದು. ಅಷ್ಟು ಸಣ್ಣ ಜಾಗದ ಮಳೆಗೆ ಆ ಲೆಕ್ಕ ಕಷ್ಟ. ದೊಡ್ಡ ಪ್ರದೇಶದ ಬಿಸಿಗಾಳಿಗೆ ಆ ಲೆಕ್ಕ ಸುಲಭ. ಕೆನಡಾದ ಲಿಟನ್ ಊರಲ್ಲಿ 2021ರ ಜೂನ್ 29ರಂದು 49.6 ಡಿಗ್ರಿ ಮುಟ್ಟಿತು. ಆ ಬಿಸಿಗಾಳಿ ಬರುವವರೆಗೆ ಇಡೀ ದೇಶದ ದಾಖಲೆ 1937ರ 45 ಡಿಗ್ರಿ. ದಾಖಲೆ ಮುರಿದರೆ ಅರ್ಧ ಡಿಗ್ರಿ, ಒಂದು ಡಿಗ್ರಿ ಮುರಿಯುವುದು ವಾಡಿಕೆ. ಇಲ್ಲಿ ನಾಲ್ಕೂವರೆಗಿಂತ ಹೆಚ್ಚು. ಮರುದಿನ ಆ ಊರು ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋಯಿತು. ಆ ಸುದ್ದಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹಳೆಯ ದಾಖಲೆಯನ್ನೇ ಮಿತಿ ಅಂದುಕೊಂಡು ಕಟ್ಟುವುದು ಎಷ್ಟು ಅಪಾಯ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಮೋರಿಯ ವಿಷಯದಲ್ಲಿ ಮುಂದೇನು? ಮತ್ತೆ ಹೋಗುವಾಗ ನೋಟ್‌ಬುಕ್ ಒಂದನ್ನೇ ಹಿಡಿದು ಹೋಗಬೇಡಿ. ಮಾತು ಮತ್ತೆ ‘ನಿಮ್ಮ ಅಂಕಿ, ನಮ್ಮ ಅಂಕಿ’ ಅನ್ನುವಲ್ಲಿಗೇ ಬರುತ್ತದೆ. ನೀರು ನಿಂತ ಗುರುತು ಹುಡುಕಿ. ಹಳ್ಳದ ದಡದ ಮನೆಗಳ ಗೋಡೆಯಲ್ಲಿ ಕೆಸರಿನ ಗೆರೆ ಇನ್ನೂ ಇರಬಹುದು. ಬಾಗಿಲ ಚೌಕಟ್ಟಿನಲ್ಲಿ, ಬೇಲಿ ಕಂಬದಲ್ಲಿ, ಆ ರಾತ್ರಿ ಯಾರೋ ತೆಗೆದ ಫೋಟೋದಲ್ಲಿ ಇರಬಹುದು. ಅಂಥ ಐದಾರು ಗುರುತುಗಳ ಎತ್ತರ ಅಳೆದರೆ, ಅವತ್ತು ಹಳ್ಳದಲ್ಲಿ ಎಷ್ಟು ನೀರು ಹರಿಯಿತು ಅಂತ ಎಂಜಿನಿಯರ್ ಲೆಕ್ಕ ಹಾಕಬಲ್ಲರು. ಮಳೆ ಅಂಕಿ ಒಪ್ಪದವರೂ ಗೋಡೆಯ ಗೆರೆ ಒಪ್ಪುತ್ತಾರೆ. ಆ ರಾತ್ರಿಯ ರೇಡಾರ್ ಚಿತ್ರ ಇದ್ದರೆ ಅದನ್ನೂ ಕೇಳಿ. ರೇಡಾರ್ ಮಳೆಯ ಪ್ರಮಾಣದಲ್ಲಿ ತಪ್ಪಬಹುದು, ಮಳೆ ಎಲ್ಲಿ ಸುರಿಯಿತು ಅನ್ನುವುದರಲ್ಲಿ ತಪ್ಪುವುದು ಕಡಿಮೆ.

ಆಮೇಲೆ ಏನು ಕೇಳಬೇಕು ಅನ್ನುವುದು. ದೊಡ್ಡ ಮೋರಿ ಕೇಳಿದರೆ ಖರ್ಚು ಜಾಸ್ತಿ, ಕೆಲಸ ವರ್ಷಗಟ್ಟಲೆ ಮುಂದಕ್ಕೆ ಹೋಗಬಹುದು. ಅಲ್ಲಿಯವರೆಗೆ ನಿಮಗೆ ಯಾವ ರಕ್ಷಣೆಯೂ ಇಲ್ಲ. ಸಣ್ಣ ಪೈಪುಗಳು ಎರಡು ಮೂರು ಹಾಕಿದರೆ ಅಗ್ಗ, ಆದರೆ ಇಂಥ ಮಳೆಯಲ್ಲಿ ಕೊಂಬೆ, ಕಸ ಬಂದು ಮೊದಲು ಕಟ್ಟುವುದು ಅವೇ. ಕಟ್ಟಿದ ಪೈಪು ಅಣೆಕಟ್ಟಿನ ಥರ. ಹಿಂದೆ ನಿಂತ ನೀರು ಮನೆಗಳ ಕಡೆ ತಿರುಗುತ್ತದೆ. ನನ್ನನ್ನು ಕೇಳಿದರೆ, ಗಾತ್ರಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ: ‘ಮೋರಿ ತುಂಬಿದರೆ ಉಳಿದ ನೀರು ಎಲ್ಲಿ ಹೋಗುತ್ತದೆ?’ ರಸ್ತೆಯ ಒಂದು ಭಾಗವನ್ನು ಬೇಕೆಂದೇ ಸ್ವಲ್ಪ ತಗ್ಗಿಸಿ, ಹೆಚ್ಚಿನ ನೀರು ಮನೆಗಳಿಲ್ಲದ ಕಡೆ ದಾಟಿ ಹೋಗುವಂತೆ ಮಾಡಬಹುದು. ಇದಕ್ಕೆ ಖರ್ಚು ಕಡಿಮೆ. ತೊಂದರೆ ಏನೆಂದರೆ ಆ ಕೆಲವು ಗಂಟೆ ರಸ್ತೆ ಬಂದ್. ಹರಿಯುವ ನೀರಲ್ಲಿ ಗಾಡಿ ನುಗ್ಗಿಸಿದವರ ಜೀವಕ್ಕೂ ಅಪಾಯ. ಹಾಗಾಗಿ ಎಚ್ಚರಿಕೆಯ ಕಂಬ, ನೀರಿನ ಮಟ್ಟದ ಗುರುತು ಇರಲೇಬೇಕು. ನಾನು ಆರಿಸುವುದಾದರೆ ಇದನ್ನೇ, ನಡುವಿನ ಗಾತ್ರದ ಮೋರಿಯ ಜೊತೆಗೆ.

ನೋಟ್‌ಬುಕ್ ಬಗ್ಗೆ ಕೊನೆಗೆ ಬರೆಯುತ್ತಿದ್ದೇನೆ, ಆದರೆ ಈ ವಾರವೇ ಮಾಡಿ. ಒಂದೂ ಪುಟ ಬಿಡದೆ ಫೋಟೋ ತೆಗೆಯಿರಿ, ರಟ್ಟು ಕೂಡ. ಮೂಲವನ್ನು ಯಾರಿಗೂ ಕೊಡಬೇಡಿ. ಹಿಂದೆ ಒಬ್ಬ ಹಿರಿಯರ ನಲವತ್ತು ವರ್ಷದ ಮಳೆ ಪುಸ್ತಕಗಳನ್ನು ನಾನೇ ಒಂದು ಕಚೇರಿಗೆ ಕೊಡಿಸಿದ್ದೆ. ಕಚೇರಿ ಜಾಗ ಬದಲಾಯಿಸಿತು, ಪುಸ್ತಕಗಳು ಮತ್ತೆ ಸಿಗಲೇ ಇಲ್ಲ. ಆ ಹಿರಿಯರು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಇನ್ನೂ ನೋವು. ಹವಾಮಾನ ಇಲಾಖೆಗೆ, ಹತ್ತಿರದ ವಿಶ್ವವಿದ್ಯಾಲಯಕ್ಕೆ ಪ್ರತಿ ಮಾತ್ರ ಕೊಡಿ. ಕಂಪ್ಯೂಟರಿಗೆ ಏರಿಸುವಾಗ ಇಬ್ಬರು ಬೇರೆಬೇರೆ ಕೂತು ಏರಿಸಿ, ಆಮೇಲೆ ಹೋಲಿಸಿ. ತಪ್ಪು ಅನ್ನಿಸಿದ ಅಂಕಿಯನ್ನು ತಿದ್ದಬೇಡಿ. ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ.

ಹೊಸ ಮಾಪಕ ತರುವ ಆಸೆ ಬಂದರೆ ಹಳೆಯದನ್ನು ತೆಗೆಯಬೇಡಿ. ಕನಿಷ್ಠ ಒಂದು ವರ್ಷ ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆಯಿರಿ. ಎರಡರ ನಡುವಿನ ವ್ಯತ್ಯಾಸ ಗೊತ್ತಾಗದಿದ್ದರೆ 31 ವರ್ಷದ ಸರಪಳಿ ಅಲ್ಲೇ ತುಂಡಾಗುತ್ತದೆ.

ಇನ್ನೊಂದು ವಿಷಯ ತಂದೆಯವರನ್ನು ಕೇಳಿ ನನಗೆ ತಿಳಿಸಿ. 10:40ಕ್ಕೆ ಹೋದಾಗ ಮಾಪಕದ ಬಾಯಲ್ಲಿ ಆಲಿಕಲ್ಲು ಇತ್ತೇ? ಕರಗಿಸಿ ಅಳೆದರೇ, ಹಾಗೇ ಚೆಲ್ಲಿದರೇ? ಚೆಲ್ಲಿದ್ದರೆ 84 ಅನ್ನುವುದು ಕಡಿಮೆ ಅಂಕಿ. ಆ ರಾತ್ರಿಯ ಮಳೆ 212ಕ್ಕಿಂತಲೂ ಜಾಸ್ತಿ.